ಒಂದು ತೂತು ಕಡಿಮೆ ಇರುವ ಅನ್ನಪಕ್ಷಿ

ನನ್ನ ಕಂಪ್ಯೂಟರಿಗೆ ವಯಸ್ಸಾಯಿತು ಎಂದು ತೀರ್ಪು ಕೊಟ್ಟವನು ನನಗಿಂತ ಹದಿನೈದು ವರ್ಷ ಚಿಕ್ಕವನಿದ್ದ. ಕೊಯಮತ್ತೂರಿನ ಒಂದು ಅಂಗಡಿಯ ಎರಡನೇ ಮಹಡಿಯಲ್ಲಿ ಏಸಿಯ ಕೆಳಗೆ ಕೂತಿದ್ದ. ನಾನು ಉಡುಮಲೈಪೇಟೆಯಿಂದ ತೊಡೆಯ ಮೇಲಿಟ್ಟುಕೊಂಡು ತಂದ ಸಿಪಿಯುವಿನ ಮುಚ್ಚಳವನ್ನು ಕೂಡ ಅವನು ತೆಗೆಯಲಿಲ್ಲ.

"ಇದು ರೊಂಬ ಪಳಸು ಅಕ್ಕಾ. ಪುದುಸಾ ವಾಂಗಿಡುಂಗ," ಎಂದ. ಹಳೆಯದು, ಹೊಸದು ಕೊಂಡುಬಿಡಿ ಅಂತ. ವಿಂಡೋಸಿನ ಹೊಸ ಆವೃತ್ತಿ ನನ್ನ ಯಂತ್ರದ ಮೇಲೆ ಕೂರುವುದಿಲ್ಲ. ಹಳೆಯದಕ್ಕೆ ಇನ್ನು ಯಾರೂ ದಿಕ್ಕಿಲ್ಲ. ನಾನು ಹತ್ತು ವರ್ಷದಿಂದ ಬಳಸುತ್ತಿದ್ದ ಸೀರೆ ಡಿಸೈನಿನ ಸಾಫ್ಟ್‌ವೇರ್ ಅವರದೇ ಅಂಗಡಿಯದು. ಅದರ ಪರವಾನಗಿ ಮುಗಿದಿತ್ತು, ಹಳೆಯ ಆವೃತ್ತಿಗೆ ಅದನ್ನು ಮುಂದುವರಿಸುವುದನ್ನು ಅವರು ನಿಲ್ಲಿಸಿದ್ದರು.

"ಹಾಗಾದರೆ ನನ್ನ ಹಳೇ ಡಿಸೈನುಗಳು?" ಎಂದು ಕೇಳಿದೆ.

ಹೊಸ ಕಂಪ್ಯೂಟರು, ಹೊಸ ಸಾಫ್ಟ್‌ವೇರು ಎರಡೂ ಬಂದರೆ ತೆರೆದುಕೊಳ್ಳುತ್ತವೆ, ಇಲ್ಲದಿದ್ದರೆ ಇಲ್ಲ ಎಂದ. ಹೇಳುತ್ತಲೇ ಮೊಬೈಲು ನೋಡತೊಡಗಿದ.

ಆ ಡಿಸೈನುಗಳಲ್ಲಿ ನಾಲ್ಕು ನನ್ನವಲ್ಲ, ನಮ್ಮಪ್ಪನವು. ನಮ್ಮದು ತಮಿಳುನಾಡಿನಲ್ಲಿ ನೆಲೆಸಿದ ಕನ್ನಡ ನೇಕಾರರ ಮನೆ. ಅಪ್ಪ ಸೀರೆಯ ಅಂಚುಗಳನ್ನು ಚೌಕದ ಕಾಗದದ ಮೇಲೆ ಕುಂಚದಲ್ಲಿ ಒಂದೊಂದೇ ಚೌಕ ತುಂಬಿ ಬರೆಯುತ್ತಿದ್ದರು. ಅದನ್ನು ನೋಡಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುವುದು, ಕಾರ್ಡುಗಳನ್ನು ಸರಮಾಡಿ ಮಗ್ಗದ ಮೇಲಿನ ಜಕಾರ್ಡ್ ಎಂಬ ಸಾಧನಕ್ಕೆ ಏರಿಸುವುದು. ತೂತಿದ್ದಲ್ಲಿ ನೂಲು ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಅಷ್ಟೇ ವಿದ್ಯೆ. ಆ ಕಾಗದಗಳನ್ನು ನಾನು ಕಂಪ್ಯೂಟರಿಗೆ ಏರಿಸಿದೆ, ಏರಿಸಿದ ಧೈರ್ಯದಲ್ಲಿ ಕಾಗದಗಳನ್ನು ಮರೆತೆ. ಅಪ್ಪ ಹೋದ ಮರುವರ್ಷ ಬೀರು ತೆಗೆದು ನೋಡಿದರೆ ಗೆದ್ದಲು ಅವನ್ನು ಮಣ್ಣು ಮಾಡಿತ್ತು. ಸಾಮಾನ್ಯ ಚಿತ್ರದ ರೂಪದಲ್ಲಿ ಒಂದು ಪ್ರತಿ ಇಟ್ಟುಕೊಳ್ಳಬಹುದಿತ್ತು. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ತಪ್ಪು ನನ್ನದು.

ಆದರೆ ಅಪ್ಪ ಎಳೆದ ಗೆರೆಯನ್ನು ನೋಡಲು ಮಗಳಾದ ನಾನು ಮೊಬೈಲು ನೋಡುತ್ತ ಕೂತವನ ಅಪ್ಪಣೆ ಪಡೆಯಬೇಕು ಎಂಬುದು ನನ್ನ ತಪ್ಪಲ್ಲ. ಮೆಟ್ಟಿಲಿಳಿಯುವಾಗ ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ವಾಪಸು ಬರುವ ಬಸ್ಸಿಗೆ ಕಿಣತ್ತುಕಡವಿನಲ್ಲಿ ಖಾಲಿ ಟೊಮೇಟೊ ಕ್ರೇಟು ಹಿಡಿದ ಹೆಂಗಸೊಬ್ಬಳು ಹತ್ತಿ ನನ್ನ ಪಕ್ಕ ಕೂತಳು. ತೊಡೆ ಮೇಲಿನದು ಏನು ಎಂದು ತಮಿಳಿನಲ್ಲಿ ಕೇಳಿದಳು. "ಬೀರು," ಎಂದೆ, "ಚಾವಿ ಬೇರೆಯವರ ಹತ್ತಿರ ಸಿಕ್ಕಿಕೊಂಡಿದೆ." ಅವಳು ನನ್ನ ಮುಖ ನೋಡಿ, ತಮಾಷೆಯಲ್ಲ ಎಂದು ತಿಳಿದು, "ಹಾಗಾದರೆ ಒಡೆದುಬಿಡು," ಎಂದಳು. ಪೊಳ್ಳಾಚಿ ಬರುವವರೆಗೂ ಅದನ್ನೇ ಯೋಚಿಸಿದೆ.

ನನ್ನ ತಂಗಿಗೆ ಕಾಲೇಜಿನಲ್ಲಿ ಸರ್ಕಾರ ಒಂದು ಲ್ಯಾಪ್‌ಟಾಪ್ ಉಚಿತವಾಗಿ ಕೊಟ್ಟಿತ್ತು. ಅದರಲ್ಲಿ ವಿಂಡೋಸ್ ಜೊತೆಗೆ, ಕಾಸೂ ಪರವಾನಗಿಯೂ ಬೇಡದ ಲಿನಕ್ಸ್ ಎಂಬ ಇನ್ನೊಂದೂ ಇತ್ತು. ನಮ್ಮ ಬೀದಿಯಲ್ಲಿ ಅಂಥ ಲ್ಯಾಪ್‌ಟಾಪ್ ಬಂದ ಮನೆಯವರೆಲ್ಲ ಮೊದಲು ಮಾಡಿದ ಕೆಲಸ ಅಂಗಡಿಗೆ ಒಯ್ದು ಲಿನಕ್ಸನ್ನು ಅಳಿಸಿದ್ದು. "ಅದು ವೇಸ್ಟು" ಎಂದು ಯಾರೋ ಹೇಳಿದ್ದರು, ಎಲ್ಲರೂ ನಂಬಿದೆವು. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಎಲ್ಲಿ? ಆ ಲ್ಯಾಪ್‌ಟಾಪ್ ಇನ್ನೂ ನಮ್ಮ ಮನೆಯಲ್ಲೇ ಇದೆ, ವೈರು ಚುಚ್ಚಿದರೆ ಬದುಕುತ್ತದೆ. ಅದನ್ನು ತೆರೆದು, ಇಂಟರ್ನೆಟ್ಟಿನಲ್ಲಿ ಓದಿ, ಲಿನಕ್ಸನ್ನು ಇಳಿಸಿಕೊಂಡು, ಪೆನ್‌ಡ್ರೈವಿಗೆ ಹಾಕಿ, ಎರಡು ಸಲ ಸೋತು ಮೂರನೇ ಸಲಕ್ಕೆ ನನ್ನ ಮುದಿ ಕಂಪ್ಯೂಟರನ್ನು ಲಿನಕ್ಸಿನಲ್ಲಿ ಎಬ್ಬಿಸಿದೆ. ಡಿಸ್ಕಿನಲ್ಲಿ ಇರುವುದನ್ನೆಲ್ಲ ಅಳಿಸಲೇ ಎಂದು ಅದು ಕೇಳಿತು. ತೆರೆಯಲಾಗದ ಆ ನಾಲ್ಕು ಫೈಲುಗಳನ್ನು ಬೇರೆ ಪೆನ್‌ಡ್ರೈವಿನಲ್ಲಿ ಎತ್ತಿಟ್ಟು, ಹೌದು ಅಳಿಸು ಎಂದೆ.

ಭಾಷೆ ಯಾವುದು ಎಂದೂ ಕೇಳಿತು. ಉದ್ದದ ಪಟ್ಟಿಯಲ್ಲಿ ಕನ್ನಡವಿತ್ತು. ನಾನು ಓದಿದ್ದು ತಮಿಳು ಶಾಲೆಯಲ್ಲಿ. ಕನ್ನಡ ನಮಗೆ ಅಡುಗೆಮನೆಯ, ಜಗಳದ, ಲಾಲಿಯ ಮಾತು. ಅದರ ಅಕ್ಷರಗಳನ್ನು ನಾನು ಮೂವತ್ತು ದಾಟಿದ ಮೇಲೆ ಮೊಬೈಲಿನಲ್ಲಿ ಹಟಕ್ಕೆ ಕಲಿತವಳು. ಆದರೂ ಅದನ್ನೇ ಒತ್ತಿದೆ. ಪರದೆಯ ತುಂಬ "ಕಡತ", "ಸಂಪಾದನೆ" ಎಂಬ ನಮ್ಮ ಮನೆಯಲ್ಲಿ ಯಾರೂ ಆಡದ ಮಾತುಗಳು ಬಂದು ಕೂತವು. ಪಕ್ಕದ ಮನೆಯಿಂದ ಬಂದ ನಮ್ಮ ಚಿಕ್ಕಪ್ಪ, ಅಪ್ಪನ ತಮ್ಮ, ಬಗ್ಗಿ ನೋಡಿ, "ಇದೇನ್ ಅಮ್ಮಿಣಿ, ತೆಲುಗಾ?" ಎಂದು ಕೇಳಿದರು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಮುದ್ದಿಗೆ ಅಮ್ಮಿಣಿ ಎನ್ನುತ್ತಾರೆ, ನಲವತ್ತಾದರೂ ಬಿಡುವುದಿಲ್ಲ.

"ನಮ್ಮ ಮಾತೇ ಚಿಕ್ಕಪ್ಪ."

"ನಮ್ಮ ಮಾತಿಗೆ ಎಳುತ್ತು ಬೇರೆ ಇದೆಯಾ," ಎಂದು ಅವರು ಬಹಳ ಹೊತ್ತು ಅದನ್ನು ನೋಡುತ್ತ ನಿಂತರು. ಅವರು ಅರವತ್ತೆಂಟು ವರ್ಷ ಆಡಿದ ಮಾತಿನ ಬರಹವನ್ನು ಅಂದೇ ಮೊದಲು ಕಂಡದ್ದು.

ಆಮೇಲೆ ಶುರುವಾಯಿತು ಬದಲಿ ಹುಡುಕುವ ಕೆಲಸ. ಪತ್ರ ಬರೆಯಲು, ಪಟ್ಟಿ ಮಾಡಲು ಬೇಕಾದ್ದು ಅದರ ಜೊತೆಯಲ್ಲೇ ಬಂದಿತ್ತು, ಒಂದು ದಿನದಲ್ಲಿ ಕೈ ಹೊಂದಿತು. ಪ್ರಿಂಟರು ಮಾತ್ರ ಮುನಿಸಿಕೊಂಡು ಕೂತಿತು. ಮೂರು ದಿನ ಲಿನಕ್ಸನ್ನು ಬೈದ ಮೇಲೆ ನೋಡಿದರೆ ನಾನೇ ತಂತಿಯನ್ನು ಸರಿಯಾಗಿ ಒತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಷ್ಟವಾದದ್ದು ಡಿಸೈನಿನದು. ಮೊದಲು ಸಿಕ್ಕ ಚಿತ್ರ ಬಿಡಿಸುವ ಪ್ರೋಗ್ರಾಮು ಬಲು ಸೊಗಸಾದ ಬಳ್ಳಿಗಳನ್ನು ಎಳೆಯುತ್ತಿತ್ತು, ಆದರೆ ಮಗ್ಗಕ್ಕೆ ಬಳ್ಳಿ ಗೊತ್ತಿಲ್ಲ, ಚೌಕಗಳ ಮೆಟ್ಟಿಲು ಮಾತ್ರ ಗೊತ್ತು. ಇನ್ನೊಂದು ಮಕ್ಕಳಿಗೆ ಮಾಡಿದ್ದು, ಮುಟ್ಟಿದಾಗಲೆಲ್ಲ ಸದ್ದು ಮಾಡುತ್ತಿತ್ತು. ಕೊನೆಗೆ ಫೋಟೋ ತಿದ್ದುವ ಜಿಂಪ್ ಎಂಬುದನ್ನು ಹಿಡಿದೆ. ಚಿತ್ರವನ್ನು ಎಂಟು ಪಟ್ಟು ಹಿಗ್ಗಿಸಿ, ಮೇಲೆ ಚೌಕದ ಜಾಲರಿ ಹಾಸಿ, ಒಂದು ಚುಕ್ಕೆಯ ಪೆನ್ಸಿಲು ಆರಿಸಿದರೆ ಅದು ಅಪ್ಪನ ಚೌಕದ ಕಾಗದವೇ. ಊರಿನಲ್ಲಿ ಕಾರ್ಡಿಗೆ ತೂತು ಹೊಡೆಯುವವರ ಯಂತ್ರವೂ ಆ ಚಿತ್ರವನ್ನು ತಕರಾರಿಲ್ಲದೆ ಒಪ್ಪಿಕೊಂಡಿತು.

ಅಂದರೆ ಹೊಸದನ್ನು ಬರೆಯಬಹುದು. ಅಪ್ಪನದು? ಎತ್ತಿಟ್ಟ ನಾಲ್ಕು ಫೈಲುಗಳನ್ನು ಯಾವ ಪ್ರೋಗ್ರಾಮಿನಲ್ಲಿ ತೆರೆದರೂ ಅರ್ಥವಿಲ್ಲದ ಗೀಚು. ಅದೇ ಹೊತ್ತಿಗೆ ಚಿಕ್ಕಪ್ಪನ ಮಗ್ಗದ ಮೇಲಿದ್ದ ಅನ್ನಪಕ್ಷಿ ಅಂಚಿನ ಕಾರ್ಡುಗಳು ಸವೆದು ಚಿಂದಿಯಾಗಿದ್ದವು. ಅನ್ನಪಕ್ಷಿ ಎಂದರೆ ಹಂಸದಂಥ ಹಕ್ಕಿ, ಅಪ್ಪನ ಕೈಯ ಅತಿ ಚೆಂದದ ಕೆಲಸ. ಹೊಸ ಕಾರ್ಡು ಮಾಡಿಸದಿದ್ದರೆ ಮಗ್ಗಕ್ಕೆ ಮುಂದಿನ ಹಾಸುನೂಲು ಹೂಡುವಾಗ ಬೇರೆ ಅಂಚು ಏರಿಸಬೇಕು. ಒಮ್ಮೆ ಬಿಟ್ಟ ಅಂಚು ಮತ್ತೆ ಮಗ್ಗ ಹತ್ತುವುದು ಕಡಿಮೆ.

ಒಂದು ವಾರ ಇಂಟರ್ನೆಟ್ಟಿನಲ್ಲೆಲ್ಲ ಆ ಫೈಲು ಒಡೆಯುವ ದಾರಿ ಹುಡುಕಿದೆ. ಚಿಕ್ಕಪ್ಪ ದಿನವೂ ಬಂದು ನೋಡಿ ಹೋಗುತ್ತಿದ್ದರು. ಏಳನೇ ದಿನ ಕೇಳಿದರು, "ಏನ್ ತೇಡ್ತಾ ಇದ್ದೀಯ?"

"ಅಪ್ಪನ ಅನ್ನಪಕ್ಷಿ. ಇದರೊಳಗೆ ಇದೆ, ಈಚೆ ಬರ್ತಾ ಇಲ್ಲ."

"ಬೆಣ್ಣೆ ಕೈಲಿ ಮಡಿಕ್ಕೊಂಡು ತುಪ್ಪಕ್ಕೆ ಅಲೀತಾ ಇದ್ದೀಯ ಅಮ್ಮಿಣಿ. ಅಣ್ಣ ಹೊಡ್ದ ಕಾರ್ಡು ಅಟ್ಟದ ಮೇಲೆ ಕೆಡಕ್ಕೊಂಡು ಇದೆಯಲ್ಲ."

ಅಟ್ಟದ ಮೇಲೆ ಗೋಣಿಚೀಲದಲ್ಲಿ ನಾಲ್ಕು ಕಟ್ಟುಗಳಿದ್ದವು. ನನ್ನ ಫೈಲುಗಳಿಗಿಂತ ಮುಂಚಿನವು, ಅಪ್ಪ ಕೈಯಾರೆ ತೂತು ಹೊಡೆದವು. ರಟ್ಟು ಹಪ್ಪಳದಂತಾಗಿತ್ತು, ಮಗ್ಗಕ್ಕೆ ಏರಿಸಿದರೆ ಎರಡು ಗಜಕ್ಕೆ ಪುಡಿಯಾಗುವಂಥದ್ದು. ಆದರೆ ತೂತುಗಳು ಇದ್ದಲ್ಲೇ ಇದ್ದವು. ಒಂದು ತೂತು ಎಂದರೆ ಒಂದು ಚೌಕ. ಓದಲು ಸಾಫ್ಟ್‌ವೇರು ಬೇಡ, ಅಪ್ಪಣೆ ಬೇಡ, ಕಿಟಕಿಯ ಬೆಳಕು ಸಾಕು. ನನಗೆ ನನ್ನ ಮೇಲೇ ನಗು ಬಂತು, ಖುಷಿಗೆ ಕಣ್ಣೂ ತುಂಬಿತು.

ಮಧ್ಯಾಹ್ನ ಊಟವಾಗಿ ಚಿಕ್ಕಪ್ಪನ ಮಗ್ಗ ನಿಂತ ಹೊತ್ತಿನಲ್ಲಿ ಕೂರುತ್ತಿದ್ದೆವು. ಅವರು ಕಾರ್ಡನ್ನು ಕಿಟಕಿಗೆ ಹಿಡಿದು ಹೇಳುವುದು, ನಾನು ಚೌಕ ತುಂಬುವುದು. "ಎರಡು ತೂತು. ಮೂರು ಬುಡು. ಒಂದು ತೂತು. ಐದು ಬುಡು." ಒಂದು ಹಕ್ಕಿಗೆ ನೂರ ನಲವತ್ತು ಕಾರ್ಡು. ದಿನಕ್ಕೆ ಏಳೋ ಎಂಟೋ ಆಗುತ್ತಿದ್ದವು. ಕೊಕ್ಕು ಬಂತು, ಕುತ್ತಿಗೆ ಬಂತು, ಒಂದು ದಿನ ಪೂರ್ತಿ ಬರೀ ರೆಕ್ಕೆ. ನೋಡಿದವರು ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಎಂದರು. ಕೆಟ್ಟರೆ ಕೆಡಲಿ, ನಮ್ಮ ತಲೆ ತಾನೇ ಎಂದುಕೊಂಡೆ.

ಹಕ್ಕಿ ಪೂರ್ತಿಯಾದ ದಿನ ಪರದೆ ತಿರುಗಿಸಿ ತೋರಿಸಿದೆ. ಚಿಕ್ಕಪ್ಪ ಬಗ್ಗಿ ಕೊಕ್ಕಿನಿಂದ ಬಾಲದವರೆಗೆ ಬೆರಳಾಡಿಸಿದರು.

"ಚೆಂದ ಐತೆ," ಎಂದರು ಕೊನೆಗೆ. "ಆನಾ, ಇದು ಮುಂದಾನಿ ಬುಟ್ಟು ಓಡೋಗ್ತಾ ಐತಲ್ಲ."

ಆನಾ ಎಂದರೆ ಆದರೆ, ಮುಂದಾನಿ ಎಂದರೆ ಸೆರಗು. ನಮ್ಮಲ್ಲಿ ಅಂಚಿನ ಹಕ್ಕಿ ಸೆರಗಿನ ಕಡೆಗೆ ಮುಖ ಮಾಡಿ ನಡೆಯಬೇಕು. ಬೆನ್ನು ಹಾಕಿ ನಡೆದರೆ ಉಟ್ಟವಳ ಮನೆಯ ಲಕ್ಷ್ಮಿಯೂ ಅದರ ಹಿಂದೆ ಹೋಗುತ್ತಾಳೆ ಎಂಬ ನಂಬಿಕೆ, ಅಂಥ ಸೀರೆಯನ್ನು ಯಾರೂ ಮದುವೆಗೆ ತೆಗೆಯುವುದಿಲ್ಲ. ನನ್ನ ಅನ್ನಪಕ್ಷಿ ತಿರುಗಿ ನಿಂತಿತ್ತು. ಕಾರ್ಡು ತಪ್ಪು ಓದಿದೆವು ಎಂದುಕೊಂಡೆ. ಚಿಕ್ಕಪ್ಪ ಎದ್ದು ಹೋಗಿ ಮಗ್ಗದ ಕೆಳಗಿಡುವ ಕನ್ನಡಿ ತಂದು ಪರದೆಗೆ ಎದುರಾಗಿ ಹಿಡಿದರು. ಕನ್ನಡಿಯೊಳಗೆ ಹಕ್ಕಿ ಸರಿಯಾಗಿ ನಡೆಯುತ್ತಿತ್ತು. ನಾವು ಸೀರೆಯನ್ನು ಬೋರಲು ನೇಯುತ್ತೇವೆ. ಒಳಮೈ ಮೇಲೆ, ಹೊರಮೈ ಕೆಳಗೆ. ಹೊರಮೈ ಹೇಗೆ ಬಂತೆಂದು ನೋಡಲು ಕೆಳಗೆ ಕನ್ನಡಿ ಹಿಡಿಯುತ್ತೇವೆ. ಮೂರು ವಾರ ಕೂತು ನಾನು ಬರೆದದ್ದು ಸೀರೆಯ ಒಳಮೈಯನ್ನು. ಅಂಗಡಿಯ ಸಾಫ್ಟ್‌ವೇರು ಹತ್ತು ವರ್ಷ ಅದನ್ನು ತಾನೇ ತಿರುಗಿಸಿಕೊಂಡು, ನೇಕಾರನ ಮಗಳಿಗೇ ಅದನ್ನು ಮರೆಸಿಬಿಟ್ಟಿತ್ತು. ಮೆನುವಿನಲ್ಲಿ ಒಂದು ಕಡೆ ಒತ್ತಿದೆ, ಹಕ್ಕಿ ಸೆರಗಿನ ಕಡೆ ಹೊರಳಿತು. ಕಾರ್ಡು ಹೊಡೆಸುವಾಗ ಮಾತ್ರ ಮತ್ತೆ ಒಳಮೈಗೆ ತಿರುಗಿಸಿಕೊಂಡರಾಯಿತು.

ಮರುದಿನ ಕಾರ್ಡುಗಳನ್ನು ಮತ್ತೊಮ್ಮೆ ತಾಳೆ ನೋಡಲು ಕೂತೆವು. ತೊಂಬತ್ತಮೂರನೆಯ ಕಾರ್ಡಿನಲ್ಲಿ ಚಿಕ್ಕಪ್ಪ ನಿಂತರು. ಬಾಲದ ಗರಿಯ ತುದಿ.

"ಇಲ್ಲಿ ನಾನು ಬುಡು ಅಂದಿದ್ದೆ. ನೀನು ತುಂಬಿದ್ದೀಯ."

"ಬಾಲ ಕುಯ್ದ ಹಾಗೆ ಕಾಣ್ತಿತ್ತು ಚಿಕ್ಕಪ್ಪ. ನಾನೇ ಸರಿ ಮಾಡ್ದೆ."

ಅವರು ಕಾರ್ಡು ನನ್ನ ಕೈಗೆ ಕೊಟ್ಟರು. ಅಲ್ಲಿ ತೂತು ಹೊಡೆದಿತ್ತು. ಹೊಡೆದ ಮೇಲೆ ಕ್ಯಾಲೆಂಡರಿನ ಕಾಗದದ ಚೂರು ಅಂಟಿಸಿ ಮುಚ್ಚಿತ್ತು.

"ಅಣ್ಣ ಬೇಕೂಂತ್ಲೇ ಮುಚ್ಚಿದ್ದು. ಎಲ್ಲ ಕರೆಯಲ್ಲೂ ಒಂದು ಮುಚ್ತಿದ್ದ. ಕೊರೆ ಇಲ್ದೆ ಇದ್ರೆ ದೃಷ್ಟಿ ಆಗ್ತದೆ ಅಂತ. ಕರೆ ಉಟ್ಟವಳ್ಗೆ ಆಗ್ಬಾರ್ದು ಅಂತ."

ಕರೆ ಎಂದರೆ ಅಂಚು. ಕಾಗದದ ಮೇಲೆ ಅಪ್ಪ ಪೂರ್ತಿ ಹಕ್ಕಿಯನ್ನೇ ಬರೆದಿದ್ದರು. ನಾನು ಕಂಪ್ಯೂಟರಿಗೆ ಏರಿಸಿದ್ದು ಆ ಕಾಗದವನ್ನು. ಮುಚ್ಚಿದ ತೂತು ಕಾಗದದಲ್ಲಿ ಇರಲಿಲ್ಲ, ಫೈಲಿನಲ್ಲಿ ಇರಲಿಲ್ಲ. ಹತ್ತು ವರ್ಷ ನಾವು ನೇಯ್ದ ಅನ್ನಪಕ್ಷಿಗಳೆಲ್ಲ ಅಪ್ಪನ ಕೊನೆಯ ಕೆಲಸವಿಲ್ಲದೆ ಹೊರಗೆ ಹೋಗಿದ್ದವು. ನನಗೆ ದುಃಖವಾಯಿತು. "ಯಾಕೆ ಹೇಳಲಿಲ್ಲ?" ಎಂದು ಚಿಕ್ಕಪ್ಪನ ಮೇಲೆ ರೇಗಿದೆ. "ಕಂಪ್ಯೂಟರ್ಗೆ ದೃಷ್ಟಿ ಆಗಲ್ಲವೇನೋ ಅಂದ್ಕೊಂಡೆ," ಎಂದರು ಅವರು. ನಾನು ತುಂಬಿದ ಚೌಕವನ್ನು ಅಳಿಸಿದೆ.

ಆ ವಾರವೇ ಕೊಯಮತ್ತೂರಿನವನ ಫೋನು ಬಂತು. ನನ್ನಂಥವರು ಬಹಳ ಜನ ಜಗಳ ಮಾಡಿರಬೇಕು. ಹಳೇ ಫೈಲುಗಳನ್ನು ಒಂದು ಸಲಕ್ಕೆ ಪುಕ್ಕಟೆಯಾಗಿ ತೆರೆದುಕೊಡುತ್ತೇವೆ, ಪೆನ್‌ಡ್ರೈವು ತನ್ನಿ ಎಂದ. ನನ್ನ ಎದುರಿಗೆ ಇನ್ನೂ ಮೂರು ಕಟ್ಟುಗಳಿದ್ದವು. ಒಂದೊಂದಕ್ಕೆ ಮೂರು ವಾರ. ಸುಳ್ಳೇಕೆ, ಒಂದು ಗಳಿಗೆ ಆಸೆಯಾಯಿತು.

"ಫೈಲಿನಲ್ಲಿ ಮುಚ್ಚಿದ ತೂತು ಇದೆಯಾ?" ಎಂದು ತಮಿಳಿನಲ್ಲಿ ಕೇಳಿದೆ.

"ಎಂದ ಓಟ್ಟೆ ಅಕ್ಕಾ?" ಎಂದ. ಯಾವ ತೂತು ಎಂದು.

"ಹಾಗಾದರೆ ಅದು ನಮ್ಮಪ್ಪನದಲ್ಲ. ನೀವೇ ಇಟ್ಟುಕೊಳ್ಳಿ," ಎಂದು ಫೋನು ಇಟ್ಟೆ.

"ಯಾರು?" ಎಂದರು ಚಿಕ್ಕಪ್ಪ.

"ಅಂಗಡಿಯವ್ನು. ಬೀರು ಚಾವಿ ಸಿಕ್ತಂತೆ."

ಅವರು ಎರಡನೆಯ ಕಟ್ಟು ಬಿಚ್ಚಿ, ಮೊದಲ ಕಾರ್ಡಿನ ಧೂಳನ್ನು ಪಂಚೆಯಲ್ಲಿ ಒರೆಸಿ ಕಿಟಕಿಗೆ ಹಿಡಿದರು. "ನಾಲ್ಕು ತೂತು," ಎಂದರು. ನಾನು ನಾಲ್ಕು ಚೌಕ ತುಂಬಿದೆ.