ಖಾಲಿ ಕ್ಲಿಪ್ಪು ತೋರಿಸಿದ ಅಂಕಿ

ದೆವ್ವ, ಪವಾಡ ಅಂದವರನ್ನು ಮುಖಕ್ಕೆ ಹೊಡೆದಂತೆ ಮಾತಾಡಿ ಕಳಿಸುತ್ತಿದ್ದವನು ನಾನು. ಇದನ್ನು ಓದಿ ನೀವು ನನಗೂ ಹಾಗೇ ಮಾಡಿದರೆ ಬೇಸರವಿಲ್ಲ.

ನಾನು ಅರಿವಳಿಕೆ ವೈದ್ಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಆಪರೇಷನ್ ಇದ್ದರೂ ನನ್ನ ಯಂತ್ರಗಳನ್ನು ಕಾರಿನಲ್ಲಿ ಹಾಕಿಕೊಂಡು ಹೋಗುತ್ತೇನೆ. ಕೆಲ ವರ್ಷಗಳ ಹಿಂದೆ ಹೊಸದೊಂದು ಕೊಂಡಿದ್ದೆ. ಸೂಜಿ ಚುಚ್ಚಬೇಕಿಲ್ಲ, ಮಗುವಿನ ಬೆರಳಿಗೆ ಕ್ಲಿಪ್ಪು ಹಾಕಿದರೆ ಸಲೈನ್ ಇನ್ನೂ ಬೇಕೋ ಸಾಕೋ ಎಂಬುದನ್ನು ಅಂಕಿಯಲ್ಲಿ ತೋರಿಸುತ್ತದೆ. ಅಂಕಿ ಏರಿದರೆ ಬೇಕು ಎಂದರ್ಥ. ಮಾರಿದವನ ಮಾತು ಬಹಳ ಸಿಹಿಯಾಗಿತ್ತು, ಹಾಗಾಗಿ ಮೊದಲಿಂದಲೂ ನನಗೆ ಅದರ ಮೇಲೆ ಗುಮಾನಿ.

ಒಂದು ಬೆಳಿಗ್ಗೆ ಇಂಡಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ಝಳಕಿ ಕಡೆಯ ನಾಲ್ಕು ವರ್ಷದ ಹುಡುಗಿಗೆ ಮೂತ್ರಕೋಶದ ಹರಳು ತೆಗೆಯುವುದಿತ್ತು. ಬೆಳಿಗ್ಗೆ ಆರು ಗಂಟೆಯ ತನಕ ನೀರು ಕುಡಿಸಿ ಎಂದು ಹಿಂದಿನ ದಿನವೇ ಹೇಳಿದ್ದೆ. "ಕುಡಿಸೀರಿಲ್ರಿ?" ಎಂದು ಅವಳ ಅಜ್ಜಿಯನ್ನು ಕೇಳಿದೆ. "ಹೌದ್ರಿ ಸಾಹೇಬ್ರ, ಕುಡಿಸೇವ್ರಿ" ಎಂದರು. ಅದನ್ನೇ ನಂಬಿ ಸಲೈನ್ ಎಷ್ಟೆಂದು ಗೊತ್ತುಮಾಡಿ ಶುರು ಮಾಡಿದೆ.

ಆಪರೇಷನ್ ಆರಂಭವಾಗಿ ಅರ್ಧ ಗಂಟೆಗೆ ಅಂಕಿ ಏರತೊಡಗಿತು. ಆಸ್ಪತ್ರೆಯ ಹಳೆ ಮಾನಿಟರ್ ಮಾತ್ರ ಎಲ್ಲ ಸರಿ ಎನ್ನುತ್ತಿತ್ತು. ಸಲೈನ್ ಹೆಚ್ಚಾದರೆ ಅಷ್ಟು ಸಣ್ಣ ಮಗುವಿನ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ; ಕಡಿಮೆಯಾದರೆ ರಕ್ತದೊತ್ತಡ ಕುಸಿಯುತ್ತದೆ. ಯಾವುದನ್ನು ನಂಬುವುದು? ನನಗೆ ನಿಜಕ್ಕೂ ಹೆದರಿಕೆಯಾಯಿತು. ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದೆ. ಅಂಕಿ ಇಳಿಯುತ್ತ ಬಂತು. ಐದು ನಿಮಿಷಕ್ಕೊಮ್ಮೆ ಹಾಳೆಯಲ್ಲಿ ಬರೆದುಕೊಂಡೆ.

ಎಲ್ಲ ಮುಗಿದು, ಮಗುವಿನ ಕೈ ಮುಚ್ಚುವಂತೆ ಹೊದಿಸಿದ್ದ ಹಸಿರು ಬಟ್ಟೆ ಸರಿಸಿದಾಗ ಕ್ಲಿಪ್ಪು ಬೆರಳಲ್ಲಿರಲಿಲ್ಲ. ಟೇಬಲ್ಲಿನ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡು ಬಿದ್ದಿತ್ತು. "ನಾ ಮುಟ್ಟಿಲ್ರಿ ಸರ" ಎಂದಳು ನರ್ಸ್. ಈಗಷ್ಟೇ ಜಾರಿರಬೇಕು ಅಂದುಕೊಂಡು, ಯಂತ್ರ ತಾನೇ ದಾಖಲಿಸಿಟ್ಟದ್ದನ್ನು ತೆಗೆದು ನೋಡಿದೆ. ಕ್ಲಿಪ್ಪು ಕಳಚಿದ್ದು ಆಪರೇಷನ್ನಿನ ಹತ್ತನೇ ನಿಮಿಷಕ್ಕೆ. ಅಲ್ಲಿಂದ ಮುಂದೆ ಬರೀ ಖಾಲಿ.

ಹೊರಗೆ ಬಂದು, ನೀರು ಕುಡಿಸಿದ್ದು ನಿಜವೇ ಎಂದು ಅಜ್ಜಿಯನ್ನು ಮತ್ತೆ ಕೇಳಿದೆ, ಸ್ವಲ್ಪ ಜೋರಾಗಿಯೇ.

"ನಿನ್ನೆ ಏಕಾದಶಿ ಇತ್ತಲ್ರಿ. ಕೂಸಿನ ಜೀವಕ್ಕ ಒಳ್ಳೇದಾಗ್ಲಿ ಅಂತ ನನ್ನ ಜೋಡಿ ಅದಕ್ಕೂ ನಿರ್ಜಲ ಉಪವಾಸ ಮಾಡ್ಸೇನಿ. ಇವತ್ತ ಮುಂಜಾನಿಗೂ ಒಂದು ಹನಿ ನೀರು ಹಾಕಿಲ್ಲ. ನೀವು ಬೈತೀರಿ ಅಂತ ಸುಳ್ಳು ಹೇಳಿದೆ" ಎಂದು ಅತ್ತರು. ಬೈಯಬೇಕೆಂದು ಬಂದವನು ಕೈಯಲ್ಲಿದ್ದ ಹಾಳೆ ನೋಡಿದೆ; ಅಂಕಿ ಹೇಳಿದ್ದೇ ನಿಜವಾಗಿತ್ತು. ಮಗು ಒಳಗೆ ಎಚ್ಚರಾಗಿ ನೀರು ಕೇಳುತ್ತಿತ್ತು.

ನರ್ಸ್ ಮೇಲೆ, ಯಂತ್ರದ ಮೇಲೆ, ಕೊನೆಗೆ ನನ್ನ ಕಣ್ಣಿನ ಮೇಲೂ ಅನುಮಾನಪಟ್ಟಾಯಿತು. ಕ್ಲಿಪ್ಪು ಕಳಚಿದ ಮೇಲೆ ಅಂಕಿ ಬರಲು ಸಾಧ್ಯವೇ ಇಲ್ಲ ಎಂದ ರಿಪೇರಿಯವನು. ಆ ಹಾಳೆ ಈಗಲೂ ನನ್ನ ಬಳಿ ಇದೆ. ಏರಿದ್ದು, ಇಳಿದದ್ದು, ಎಲ್ಲ ನನ್ನದೇ ಕೈಬರಹ. ಏನನ್ನು ನೋಡಿ ಬರೆದೆ ಎಂಬುದು ಮಾತ್ರ ನನಗೆ ಗೊತ್ತಿಲ್ಲ.