ಧಕಾರದ ಗೀಟು

ಸುಧಾ, ಆ ತಪ್ಪು ನಿಮ್ಮ ಕೈಯದಲ್ಲ, ನನ್ನದು — ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ದಪ್ಪ ಅಕ್ಷರದ ಆ ಫಾಂಟ್ ಮಾಡುವಾಗ ನಾನು ಹೆದರದ ವಿಷಯವಿರಲಿಲ್ಲ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಹುದು, ಸೊನ್ನೆ ಕೋಡುಬಳೆಯಂತೆ ಕಾಣಬಹುದು, ಯಾರಾದರೂ ಕದಿಯಬಹುದು, ಯಾರೂ ಕದಿಯದೆಯೂ ಇರಬಹುದು — ಇದೇ ಹೆಚ್ಚು ಕಾಡುತ್ತಿತ್ತು. ಯಾವುದೂ ಆಗಲಿಲ್ಲ. ಕೈಕೊಟ್ಟದ್ದು ಒಂದು ಗೀಟು.

ವೃತ್ತ, ನೇರಗೆರೆ, ಎಲ್ಲೆಡೆ ಒಂದೇ ದಪ್ಪ. ಬಳುಕು ಬೇಡ, ಕೊಂಕು ಬೇಡ — ದೂರದಿಂದಲೇ ಬೋರ್ಡು ಎದ್ದು ಕಾಣಬೇಕು. ವಿಜಯನಗರದ ಬೇಕರಿ, ಜಿಮ್ಮು, ಪೈಪಿನಂಗಡಿ ಎಲ್ಲ ಅದನ್ನೇ ಹಾಕಿಕೊಂಡವು; ನಾನು ಬಸ್ಸಿನ ಕಿಟಕಿಯಿಂದ ಕತ್ತು ಹೊರಳಿಸಿ ನೋಡಿ ಬೀಗುತ್ತಿದ್ದೆ. ಧಕಾರದ ಬುಡದಲ್ಲಿ ಸಣ್ಣ ಗೀಟು ಇಳಿಯುತ್ತದಲ್ಲ — ಶಾಲೆಯಲ್ಲಿ ಹೊಟ್ಟೆ ಸೀಳುವುದು ಎನ್ನುತ್ತಿದ್ದೆವು — ಅದು ನನ್ನ ವೃತ್ತದ ಅಂದ ಕೆಡಿಸುತ್ತಿತ್ತು. ಮೊಟಕು ಮಾಡಿದೆ. ಇನ್ನೂ ಸ್ವಲ್ಪ. ಕೊನೆಗೆ ಅದು ದಪ್ಪದೊಳಗೇ ಮುಳುಗಿಹೋಯಿತು.

ನೀವು ಆಗ ಫ್ಲೆಕ್ಸ್ ಅಂಗಡಿಯಲ್ಲಿ ಟೈಪು ಮಾಡುತ್ತಿದ್ದಿರಿ. ಮೊದಲ ದಿನವೇ ಹೇಳಿದಿರಿ: "ಸಾರ್, ಇದ್ರಲ್ಲಿ ನಾನೇ ಸುದಾ ಆಗ್ಬಿಟ್ಟಿದೀನಿ."

ನಕ್ಕೆ. "ಅದು ಡಿಸೈನು ಕಣಮ್ಮ, ಓದೋರಿಗೆ ಗೊತ್ತಾಗುತ್ತೆ."

ಚಂದ್ರಾ ಲೇಔಟಿನ ಧನಂಜಯ ಮೇಷ್ಟ್ರು ತೀರಿಕೊಂಡಾಗ ಶ್ರದ್ಧಾಂಜಲಿಯ ಫ್ಲೆಕ್ಸಿಗೂ ಅದೇ ಅಕ್ಷರ — ಹಾಕಿ ಎಂದವನೂ ನಾನೇ. ಬೀದಿಯ ತಿರುವಿನಲ್ಲಿ, ಅವರ ನಗುಮುಖದ ಕೆಳಗೆ, ದಪ್ಪಕ್ಷರದಲ್ಲಿ 'ದನಂಜಯ'. ಟೀ ಕುಡಿಯುತ್ತಿದ್ದವರು ಯಾರೋ ಅಂಬಾ ಎಂದರಂತೆ.

ಮೇಷ್ಟ್ರ ಮಗ ಅಂಗಡಿಗೆ ಬಂದ. ಕೂಗಾಡಲಿಲ್ಲ. "ಊರಿಗೆಲ್ಲ ಕನ್ನಡ ಕಲಿಸ್ದೋರು ನಮ್ಮಪ್ಪ. ಅವರನ್ನೇ ದನ ಮಾಡ್ಬಿಟ್ರಲ್ಲಮ್ಮ" ಎಂದ.

"ನಾನು ಧ ಅಂತ್ಲೇ ಹೊಡ್ದಿದ್ದೆ ಅಣ್ಣ" ಎಂದು ನೀವು ನನ್ನ ಕಡೆ ನೋಡಿದಿರಿ. ಪಕ್ಕದಲ್ಲೇ ಇದ್ದೆ, ಇನ್ನೊಂದು ಬೋರ್ಡಿನ ನಮೂನೆ ಹಿಡಿದುಕೊಂಡು. ಒಂದು ಮಾತು ಸಾಕಿತ್ತು — ಆದರೆ ಬೇಕರಿ, ಜಿಮ್ಮು, ಪೈಪಿನಂಗಡಿ…

"ಅವಸರದಲ್ಲಿ ಕೈ ತಪ್ಪುತ್ತೆ, ಬಿಡಿ" ಎಂದೆ. ನಿಮ್ಮನ್ನು ಕಾಪಾಡುವವನ ದನಿಯಲ್ಲಿ.

ಮರುದಿನದಿಂದ ನೀವು ಅಲ್ಲಿರಲಿಲ್ಲ. ಕನ್ನಡ ಬರೋರು ಬೇಕು ಎಂದರಂತೆ ಮಾಲೀಕರು.

ಕಳೆದ ವಾರ ಶ್ರೀಗಂಧದ ಕಾವಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಬಿಲ್ ಹಾಕುತ್ತಿದ್ದವರು ನೀವೇ. "ಕವರ್ ಬೇಕಾ ಸಾರ್?" ಎಂದಿರಿ. ಬೇಡ ಎಂದು ತಲೆ ತಗ್ಗಿಸಿದೆ. ನಿಮಗೆ ನನ್ನ ಗುರುತು ಸಿಕ್ಕಿತೋ ಇಲ್ಲವೋ ಕಾಣೆ; ನಿಮ್ಮ ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರು ಇಂಗ್ಲಿಷಿನಲ್ಲಿತ್ತು.

ಮನೆಗೆ ಬಂದು ಗೀಟು ಉದ್ದ ಮಾಡಿದೆ. ವೃತ್ತ ಕೆಟ್ಟಿತು, ಕೆಡಲಿ. ಬೋರ್ಡುಗಳ ಮೇಲಿರುವುದನ್ನು, ನಿಮ್ಮ ಮೇಲೆ ಬಿದ್ದದ್ದನ್ನು ಅದು ತಿದ್ದುವುದಿಲ್ಲ. ಮೊದಲು ಮೇಷ್ಟ್ರ ಮನೆಗೆ ಹೋಗಿ ಹೇಳುತ್ತೇನೆ. ಆಮೇಲೆ ನಿಮ್ಮ ಕೌಂಟರಿನ ಸಾಲಿಗೆ ಬರುತ್ತೇನೆ, ಹಿಂದೆ ಜನ ನಿಂತಿರುವಾಗಲೇ.