ಕುಳಿತು ನಗುವವರ ಓಣಿಯಿಂದ

ಹೆರಿಗೆ ವಾರ್ಡುಗಳನ್ನು ನಡೆಸುವವರ ಮೇಲೆ ನನ್ನದು ನೇರ ಆರೋಪ: ನೀವು ಮಗುವನ್ನು ಕೈಗಿತ್ತು, ತಾಯಿಯನ್ನು ಅರ್ಧಕ್ಕೇ ಬಿಟ್ಟು ಮನೆಗೆ ಕಳಿಸುತ್ತೀರಿ. ಮೈಸೂರಿನ ಓದುಗರೇ, ಇದನ್ನು ನಾನು ಕಲಿತದ್ದು ಹುಮನಾಬಾದಿನಲ್ಲಿ.

ತೊಂಬತ್ತರ ದಶಕದ ಕೊನೆಯಲ್ಲಿ, ಎಂ.ಎ. ಮುಗಿಸಿದ ಮರುವರ್ಷ, ಔಷಧ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಪತಿಯೊಡನೆ ಮೈಸೂರಿನಿಂದ ಇಲ್ಲಿಗೆ ಬಂದೆ. ಮೊದಲ ವಾರವೇ ಒಂದು ವಿಚಿತ್ರ ಕಂಡೆ. ಸಂಜೆ ನಿಂತು ಹರಟುತ್ತಿದ್ದ ಹೆಂಗಸರಲ್ಲಿ ಯಾರಾದರೂ ತಮಾಷೆ ಆರಂಭಿಸಿದರೆ, ಹೆತ್ತವರೆಲ್ಲ ತಟ್ಟನೆ ಕುಳಿತು, ಕಾಲಮೇಲೆ ಕಾಲು ಬಿಗಿದು, ಆಮೇಲಷ್ಟೇ ನಗುತ್ತಿದ್ದರು. ಈ ಸೀಮೆಯ ಮರ್ಯಾದೆಯಿರಬೇಕೆಂದು ನಾನೂ ಕುಳಿತೆ.

"ತಂಗಿ, ನೀ ಯಾಕ ಕುಂತಿ? ನಿನಗಿನ್ನ ಆ ಭಾಗ್ಯ ಬಂದಿಲ್ಲ," ಎಂದರು ಎದುರುಮನೆಯ ಕಮಳಾಬಾಯಿ.

ಭಾಗ್ಯ ಮರುವರ್ಷ ಬಂತು. ತವರು ಒಂದು ಹಗಲು, ಒಂದು ರಾತ್ರಿಯ ದೂರ, ಇಲ್ಲೇ ಹೆತ್ತೆ. ಬಾಣಂತನ ಮಾಡಿದವರು ಕಮಳಾಬಾಯಿ. ಎದ್ದು ಓಡಾಡತೊಡಗಿದ ಮೇಲೆ ಒಮ್ಮೆ ನಿಂತು ಸೀನಿದೆ, ಸೀರೆ ಒದ್ದೆಯಾಯಿತು. ಓಣಿಯವರು ಕುಳಿತು ನಗುವುದೇಕೆಂದು ಆಗ ತಿಳಿಯಿತು.

"ಹಡದ ಮ್ಯಾಲ ಹಿಂಗ ಆಗೋದೇ. ಫಿಕರ್ ಮಾಡಬ್ಯಾಡ," ಎಂದರು ಕಮಳಾಬಾಯಿ. ಫಿಕರ್ ಎಂದರೆ ಇಲ್ಲಿ ಚಿಂತೆ. ಆದರೆ ಆ ಫಿಕರ್ ಅವರಿಗೇ ಇತ್ತು. ಬಸವಕಲ್ಯಾಣದಲ್ಲಿ ಸಂಸಾರ ಹೂಡಿದ್ದ ಮಗಳು ಎರಡನೆಯ ಬಸಿರಿನಲ್ಲಿದ್ದಳು.

"ಅವ್ವ, ಈ ಸಲ ನೀನೇ ಬಾ ಅನ್ನಾಕತ್ತಾಳ. ಹ್ಯಾಂಗ ಹೋಗ್ಲಿ? ಹಿಂದ ಒಮ್ಮೆ ಬಸ್ಸಿನ ಸೀಟ ತೊಯ್ಸಿ ಇಳದೀನಿ. ಅವತ್ತಿಂದ ಹತ್ತಿಲ್ಲ."

ನಮ್ಮ ಕಡೆ ಹೀಗಿಲ್ಲವೆಂಬ ಬಿಂಕದಿಂದಲೇ ಎಸ್‌ಟಿಡಿ ಬೂತಿಗೆ ಹೋಗಿ ಅಮ್ಮನಿಗೆ ಫೋನು ಮಾಡಿದೆ. ಅಮ್ಮ ದನಿ ತಗ್ಗಿಸಿದರು. "ನಂಗೂ ಹಾಗೇ ಕಣೇ, ನೀನು ಹುಟ್ಟಿದಾಗಿಂದ. ಬೂತಿನವನು ಕೇಳಿಸ್ಕೊಳ್ತಿಲ್ಲ ತಾನೇ?"

ಅಲ್ಲಿ ಮುದ್ದೆ, ಇಲ್ಲಿ ಜೋಳದ ರೊಟ್ಟಿ. ಅಲ್ಲಿ 'ಕಣೇ', ಇಲ್ಲಿ 'ರಿ'. ಈ ಮೌನವೊಂದು ಮಾತ್ರ ಎರಡೂ ಕಡೆ ಒಂದೇ.

ಮಗುವಿಗೆ ಲಸಿಕೆ ಹಾಕಿಸಲು ಹೋದಾಗ ನಾಚಿಕೆ ಬಿಟ್ಟು ನರ್ಸನ್ನು ಕೇಳಿದೆ. ಆಕೆ ಪರದೆ ಎಳೆದು ಕಲಿಸಿದರು: ಮೂತ್ರವನ್ನೂ ವಾಯುವನ್ನೂ ತಡೆಯುವ ಸ್ನಾಯುಗಳನ್ನು ಒಳಕ್ಕೆ, ಮೇಲಕ್ಕೆ ಎಳೆದು ಹಿಡಿಯಬೇಕು, ಐದು ಎಣಿಸಿ ಪೂರ್ತಿ ಸಡಿಲಿಸಬೇಕು. ಉಸಿರು ಕಟ್ಟಬಾರದು, ತೊಡೆ ಬಿಗಿಯಬಾರದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು, ತಿಂಗಳುಗಟ್ಟಲೆ. ಬಸಿರಿನಲ್ಲೇ ಆರಂಭಿಸಿದ್ದರೆ ಇನ್ನೂ ಒಳ್ಳೆಯದಿತ್ತು.

"ಮತ್ತೆ ಆಗಲೇ ಯಾಕೆ ಹೇಳ್ಲಿಲ್ಲ?"

"ಕೇಳಿದ್ರ ಹೇಳ್ತೇವ್ರಿ. ಯಾರೂ ಕೇಳೋದಿಲ್ಲಲ್ರಿ."

"ಇಂಥದ್ದೊಂದು ಇದೆ ಅಂತ ಗೊತ್ತಿದ್ರೆ ತಾನೇ ಕೇಳೋದು?"

ಆಕೆ ಪರದೆ ಸರಿಸಿ ಮುಂದಿನ ಮಗುವನ್ನು ಕರೆದರು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಹೇಳೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಕಮಳಾಬಾಯಿಯವರ ಒಲೆಯ ಬಳಿ ಕುಳಿತು ಕಲಿಸಿದೆ. ಅವರು ಮುಷ್ಟಿ ಬಿಗಿದು, ಹಲ್ಲು ಕಚ್ಚಿ, ಕೆಂಪಾದರು.

"ಅಕ್ಕಾ, ಹಲ್ಲು ಯಾಕೆ ಕಚ್ತೀರ? ಕೆಲಸ ಕೆಳಗಿಂದು."

"ಇಷ್ಟ ವರ್ಷ ಹಲ್ಲ ಕಡದೇ ಎಲ್ಲಾ ತಡಕೊಂಡೀನಿ ತಂಗಿ. ಮುಖಕ್ಕ ಈಗ ಯಾರು ಬಿಡಿಸಿ ಹೇಳಬೇಕು?"

ಮುಖವೂ ಕಲಿಯಿತು. ಹಂಚಿನ ಮೇಲೆ ರೊಟ್ಟಿ ಬಿದ್ದಾಗಲೆಲ್ಲ ಒಂದು ಬಿಗಿತ, ತಿರುವಿದಾಗ ಸಡಿಲ. ಕಲಿಯತೊಡಗಿದ ನಾಲ್ಕನೆಯ ತಿಂಗಳು, ಅವರ ಮಗಳ ದಿನ ತುಂಬುವ ಮೊದಲು, ನನ್ನ ಮಗುವನ್ನೆತ್ತಿಕೊಂಡು ನಾವಿಬ್ಬರೂ ಬಸವಕಲ್ಯಾಣದ ಬಸ್ಸು ಹತ್ತಿದೆವು. ತಗ್ಗುಗಳಲ್ಲಿ ಬಸ್ಸು ಎಗರಿದಾಗ ಅವರು ನನ್ನ ಕೈ ಹಿಡಿಯುತ್ತಿದ್ದರು. ಅರ್ಧ ದಾರಿಯಲ್ಲಿ ಕೈ ಬಿಟ್ಟು, "ಬಾಟ್ಲಿ ಕೊಡು, ನೀರಡಿಕ್ಯಾಗ್ಯಾದ," ಎಂದರು. ಬಸ್ಸಿನಲ್ಲಿ ಅವರು ಹೆದರದೆ ನೀರು ಕುಡಿಯುವುದನ್ನು ನೋಡಿ ನಾನು ಕಿಟಕಿಯತ್ತ ತಿರುಗಿದೆ, ಕಣ್ಣು ತುಂಬಿತ್ತು.

ಎಲ್ಲರಿಗೂ ಇದರಿಂದಲೇ ವಾಸಿಯಾಗುತ್ತದೆಂದು ನಾನು ಹೇಳುವುದಿಲ್ಲ. ಆದರೆ ಕಾಸಿನ ಖರ್ಚಿಲ್ಲದ ಈ ತಿಳಿವಳಿಕೆಯನ್ನು ಇಷ್ಟು ಕಾಲ ತಡೆದವರು ಉತ್ತರಿಸಲೇಬೇಕು.

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ವಿಧಿವತ್ತಾಗಿ ಕೋರುತ್ತೇನೆ: ಬಸಿರಿನ ತಪಾಸಣೆಯಲ್ಲೂ, ಹೆರಿಗೆಯ ನಂತರ ಮನೆಗೆ ಕಳಿಸುವ ಮುನ್ನವೂ, ಪ್ರತಿ ಹೆಣ್ಣಿಗೂ ಅವಳ ಆಡುಮಾತಿನಲ್ಲೇ ಈ ವ್ಯಾಯಾಮವನ್ನು ಕಲಿಸಿರಿ. ಲಸಿಕೆಯ ದಿನ ತಾಯಿಯನ್ನೂ ಪರದೆಯ ಹಿಂದೆ ಕರೆದು ವಿಚಾರಿಸಿರಿ. ವಾಸಿಯಾಗದವರನ್ನು ತಜ್ಞರ ಬಳಿಗೆ ಕಳಿಸಿರಿ. ಇಷ್ಟು ವರ್ಷ ಹೇಳದಿದ್ದುದಕ್ಕೆ ಕಾರಣವನ್ನು ಲಿಖಿತವಾಗಿ ತಿಳಿಸಿರಿ. ಇದನ್ನೇ ಬರೆದು ಕಳಿಸಿರುವ ಅರ್ಜಿಯಲ್ಲಿ ಎರಡು ವಿಳಾಸ ಕೊಟ್ಟಿದ್ದೇನೆ: ಹುಟ್ಟಿದ ಮೈಸೂರಿನದು, ಹೆತ್ತ ಹುಮನಾಬಾದಿನದು. ನನ್ನ ಊರು ಯಾವುದೆಂದು ನನಗೇ ಇನ್ನೂ ಗೊತ್ತಿಲ್ಲ. ಉತ್ತರವನ್ನು ಎರಡಕ್ಕೂ ಕಳಿಸಿರಿ. ಎರಡೂ ಕಡೆ ಅದು ಬೇಕಾದವರಿದ್ದಾರೆ.